ನೆಲಹಾಸಿನ ನಾರುಗಳು ಮತ್ತು ಶುಚಿ ಮಾಡುವ ಬಗೆ: ದುಮ್ಮವಾಡ–ನವಲಗುಂದ ಸೀಮೆ

ನೆಲಕ್ಕೆ ಹಾಸಲೆಂದು ನೇಯ್ದ, ಹೆಣೆದ, ಗಂಟು ಹಾಕಿದ ಅಥವಾ ಒತ್ತಿ ಅಂಟಿಸಿದ ದಪ್ಪ ಬಟ್ಟೆಗಳೆಲ್ಲ ನೆಲಹಾಸುಗಳೇ. ಧಾರವಾಡ ಜಿಲ್ಲೆಯ ಮನೆಗಳಲ್ಲಿ ಇವು ಜಮಖಾನೆ, ಗುಡಾರ, ಕಂಬಳಿ, ಗಲೀಚೆ, ಚಾಪೆ, ತಟ್ಟು ಎಂಬ ಬೇರೆ ಬೇರೆ ಹೆಸರುಗಳಲ್ಲಿ ಇವೆ. ಬಳಕೆಯಲ್ಲಿ ಒಂದಕ್ಕೊಂದು ಹತ್ತಿರವಾದರೂ ನಾರಿನಲ್ಲಿ ಇವು ಒಂದೇ ಜಾತಿಯವಲ್ಲ. ಹತ್ತಿ ಗಿಡದಿಂದ ಬಂದದ್ದು, ಉಣ್ಣೆ ಕುರಿಯ ಮೈಯಿಂದ ಬಂದದ್ದು, ನೈಲಾನ್ ಕಾರ್ಖಾನೆಯಿಂದ ಬಂದದ್ದು. ನೀರು, ಬಿಸಿ, ಸೋಪು, ಬಿಸಿಲು ಈ ನಾಲ್ಕಕ್ಕೂ ಪ್ರತಿಯೊಂದು ನಾರು ತನ್ನದೇ ರೀತಿಯಲ್ಲಿ ನಡೆದುಕೊಳ್ಳುತ್ತದೆ. ತೊಳೆಯುವಾಗ ಹಾಳಾಗುವ ನೆಲಹಾಸುಗಳಲ್ಲಿ ಹೆಚ್ಚಿನವು ಕೊಳೆಯಿಂದ ಹಾಳಾಗುವುದಿಲ್ಲ. ನಾರು ಯಾವುದೆಂದು ನೋಡದೆ ನೀರಿಗೆ ಹಾಕಿದ್ದರಿಂದ ಹಾಳಾಗುತ್ತವೆ.

ಕಲಘಟಗಿ ತಾಲ್ಲೂಕಿನ ದುಮ್ಮವಾಡ ಈ ವಿಷಯವನ್ನು ನೋಡಲು ಒಳ್ಳೆಯ ಸ್ಥಳ. ನೀರಸಾಗರ ಜಲಾಶಯದ ಈ ಆಸುಪಾಸು ಮಲೆನಾಡಿನ ಸೆರಗಿಗೆ ಸೇರಿದ್ದು. ಕೆಂಪು ಮಣ್ಣು, ಭತ್ತದ ಗದ್ದೆ, ಮಳೆಗಾಲದಲ್ಲಿ ದಿನಗಟ್ಟಲೆ ಬಿಡದ ಜಿಟಿಜಿಟಿ. ಅದೇ ಜಿಲ್ಲೆಯ ಪೂರ್ವಕ್ಕಿರುವ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳಲ್ಲಿ ಎರೆಮಣ್ಣು, ಹತ್ತಿ, ಕಡಲೆ, ಜೋಳ, ಉರಿಬಿಸಿಲು. ಪಶ್ಚಿಮದಲ್ಲಿ ಮೈಮೇಲೆ ಹೊದೆಯಲೂ ಕೂರಲೂ ಕಂಬಳಿ ಬೇಕು; ಪೂರ್ವದಲ್ಲಿ ಹತ್ತಿಯ ಜಮಖಾನೆ ಸಾಕು. ಕಲಘಟಗಿಯ ಗಡಿ ದಾಟಿದರೆ ಉತ್ತರ ಕನ್ನಡದ ಮುಂಡಗೋಡ. 1966ರಲ್ಲಿ ಅಲ್ಲಿ ನೆಲೆಯಾದ ಟಿಬೆಟಿಯನ್ನರು ಉಣ್ಣೆಯ ಗಂಟುಗಲೀಚೆ ನೇಯುವ ವಿದ್ಯೆಯನ್ನು ತಮ್ಮೊಡನೆ ತಂದರು. ಹೀಗೆ ಒಂದು ದಿನದ ಪ್ರಯಾಣದೊಳಗೆ ಹತ್ತಿಯ ಚಪ್ಪಟೆ ನೇಯ್ಗೆ, ದೇಸಿ ಉಣ್ಣೆಯ ಕಂಬಳಿ, ಜುಂಗಿನ (ಎಳೆಗಳು ಎದ್ದು ನಿಂತ) ಗಲೀಚೆ ಮೂರೂ ಸಿಗುತ್ತವೆ. ನಾಲ್ಕನೆಯದಾದ ಪ್ಲಾಸ್ಟಿಕ್ ನೆಲಹಾಸು ಈಗ ಪ್ರತಿ ಸಂತೆಯಲ್ಲೂ ಇದೆ.

ನವಲಗುಂದದ ಹತ್ತಿ ಜಮಖಾನೆ

ನವಲಗುಂದದ ಜಮಖಾನೆಗೆ 2011ರಲ್ಲಿ ‘ನವಲಗುಂದ ಡರೀಸ್’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಇದನ್ನು ನೇಯುವವರು ಊರಿನ ಮುಸ್ಲಿಂ ಕುಟುಂಬಗಳ ಹೆಣ್ಣುಮಕ್ಕಳು. ಆದಿಲಶಾಹಿ ಕಾಲದಲ್ಲಿ ವಿಜಯಪುರದಲ್ಲಿದ್ದ ನೇಕಾರರು ಯುದ್ಧದ ದಿನಗಳಲ್ಲಿ ಊರು ಬಿಟ್ಟು ನವಲಗುಂದಕ್ಕೆ ಬಂದು ನೆಲೆಸಿದರೆಂಬುದು ಕುಟುಂಬಗಳಲ್ಲಿ ನಡೆದುಬಂದ ಮಾತು. ಅವರು ಇದ್ದ ಓಣಿಗೆ ಜಮಖಾನ್ ಗಲ್ಲಿ ಎಂದೇ ಹೆಸರು. ಮಗಳು ಮದುವೆಯಾಗಿ ಬೇರೆ ಮನೆಗೆ ಹೋಗುವವಳೆಂದು ವಿದ್ಯೆಯನ್ನು ಸೊಸೆಗೆ ಮಾತ್ರ ಕಲಿಸುವ ಪದ್ಧತಿ ಇತ್ತೆಂದೂ ಹೇಳುತ್ತಾರೆ. ಕಸುಬು ಊರಿನೊಳಗೆ ಉಳಿಯಲು ಇದೊಂದು ಕಾರಣ. ಕಸುಬುದಾರರ ಸಂಖ್ಯೆ ಕುಗ್ಗುತ್ತ ಬರಲು ಇದೂ ಒಂದು ಕಾರಣವಾಗಿರಬೇಕು.

ಮಗ್ಗ ನೆಟ್ಟಗೆ ನಿಂತಿರುತ್ತದೆ. ಖಡಾವ್ ಮಗ್ಗ ಎನ್ನುತ್ತಾರೆ. ಮೇಲೊಂದು ಕೆಳಗೊಂದು ದಿಮ್ಮಿ, ನಡುವೆ ಬಿಗಿಯಾಗಿ ಎಳೆದ ಹಾಸಿನ ನೂಲು. ಅದರ ಮುಂದೆ ನೇಕಾರ್ತಿಯರು ಅಕ್ಕಪಕ್ಕ ಕೂತು, ಬಣ್ಣದ ಹೊಕ್ಕಿನ ನೂಲನ್ನು ಬೆರಳಿನಿಂದಲೇ ಹಾಸಿನ ಎಳೆಗಳ ನಡುವೆ ತೂರಿಸುತ್ತಾರೆ. ಒಂದು ಬಣ್ಣ ಎಲ್ಲಿ ನಿಲ್ಲಬೇಕು, ಇನ್ನೊಂದು ಎಲ್ಲಿ ಶುರುವಾಗಬೇಕು ಎಂಬುದು ಎಳೆಯ ಎಣಿಕೆಯ ಮೇಲೆ ನಿಂತಿದೆ. ಪ್ರತಿ ಸಾಲು ತುಂಬಿದ ಮೇಲೆ ಪಂಜಾ ಎಂಬ ಹಲ್ಲುಗಳುಳ್ಳ ಲೋಹದ ಸಾಧನದಿಂದ ಹೊಕ್ಕನ್ನು ಕೆಳಕ್ಕೆ ಕುಟ್ಟಿ ಕೂರಿಸುತ್ತಾರೆ. ಕುಟ್ಟಿದಷ್ಟೂ ಹಾಸಿನ ನೂಲು ಕಣ್ಣಿಗೆ ಕಾಣದಂತೆ ಒಳಗೆ ಅಡಗುತ್ತದೆ. ಮೇಲೆ ಕಾಣುವುದೆಲ್ಲ ಹೊಕ್ಕು. ಎರಡು ನವಿಲು, ಪಗಡೆಯ ಹಾಸು, ಚೌಕ–ತ್ರಿಕೋನಗಳ ಸಾಲು ಇದರ ಗುರುತಿನ ಚಿತ್ತಾರಗಳು. ನಮಾಜಿಗೆ ಹಾಸುವ ಜಾಯನಮಾಜ್, ನೆಲಕ್ಕೆ ಹಾಸುವ ದಪ್ಪ ಗುಡಾರ, ಎಲ್ಲರೂ ಕೂರುವ ಜಮಖಾನೆ ಎಂಬ ಬಗೆಗಳಿವೆ.

ಶುಚಿಯ ಲೆಕ್ಕದಲ್ಲಿ ಈ ರಚನೆಗೆ ಮೂರು ದೊಡ್ಡ ಗುಣಗಳಿವೆ. ಜುಂಗು ಇಲ್ಲದ್ದರಿಂದ ಧೂಳು ಅಡಗಲು ಆಳವಿಲ್ಲ. ಎರಡೂ ಮುಖ ಒಂದೇ ಆದ್ದರಿಂದ ಮಗುಚಿ ಹಾಸಬಹುದು; ಸವೆತ ಎರಡಕ್ಕೂ ಹಂಚಿಹೋಗುತ್ತದೆ. ಹತ್ತಿಯ ನಾರು ಒದ್ದೆಯಾದಾಗ ಒಣಗಿದ್ದಾಗಿನದಕ್ಕಿಂತ ಗಟ್ಟಿಯಾಗುವುದರಿಂದ ಒಗೆತಕ್ಕೆ ಜಗ್ಗುವುದಿಲ್ಲ. ಹತ್ತಿಯ ದೌರ್ಬಲ್ಯ ಬೇರೆ ಕಡೆ ಇದೆ: ಅದು ನೀರನ್ನು ಹೀರಿ ಬಿಡುವುದಿಲ್ಲ, ಒಣಗಲು ತಡ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಪಕ್ಕಾ ಇಲ್ಲದಿದ್ದರೆ ಕೆಂಪು ಹೊಕ್ಕಿನ ಬಣ್ಣ ಬಿಳಿ ಹೊಕ್ಕಿಗೆ ಹರಿಯುತ್ತದೆ. ಸವೆತ ಮೊದಲು ಅಂಚಿನಲ್ಲೂ ಬಣ್ಣ ಬದಲಾಗುವ ಗೆರೆಗಳಲ್ಲೂ ಕಾಣುತ್ತದೆ. ಅಂಚಿನ ಒಂದು ಎಳೆ ಬಿಟ್ಟಾಗಲೇ ಸೂಜಿದಾರ ಹಿಡಿದರೆ ಜಮಖಾನೆ ಇನ್ನೂ ಬಹಳ ವರ್ಷ ಬಾಳುತ್ತದೆ.

ಉಣ್ಣೆ

ಬಯಲುಸೀಮೆಯ ದಖನಿ ಕುರಿಯ ಉಣ್ಣೆ ಒರಟು, ಕಪ್ಪು ಅಥವಾ ಕಂದು. ಕುರುಬರು ಅದನ್ನು ನೂತು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಕಂಬಳಿ ನೇಯುತ್ತಾರೆ. ಗಂಜಿ ಬಟ್ಟೆಯನ್ನು ಗಡುಸು ಮಾಡುತ್ತದೆ. ಮಳೆಹನಿ ಅದರ ಮೇಲಿಂದ ಜಾರುತ್ತದೆ. ಹೊಸ ಕಂಬಳಿಯನ್ನು ಬಿಸಿನೀರಿಗೆ ಹಾಕಿ ಈ ಗಂಜಿಯನ್ನು ತೊಳೆದುಬಿಡುವುದು ನೇಕಾರನ ಕೆಲಸವನ್ನು ಅರ್ಧ ಅಳಿಸಿದಂತೆ.

ಉಣ್ಣೆ ಪ್ರೋಟೀನು, ನಮ್ಮ ಕೂದಲು ಯಾವುದರಿಂದ ಆಗಿದೆಯೋ ಅದರಿಂದಲೇ ಆದದ್ದು. ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಬೆಂಕಿಗೆ ಸುಲಭವಾಗಿ ಬಲಿಯಾಗುವುದಿಲ್ಲ. ಆದರೆ ಒದ್ದೆಯಾದಾಗ ಶಕ್ತಿ ಕಳೆದುಕೊಳ್ಳುತ್ತದೆ, ಕ್ಷಾರಕ್ಕೆ ಸೋಲುತ್ತದೆ. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚು ಉಣ್ಣೆಯ ನಾರನ್ನು ಕರಗಿಸಿಯೇ ಬಿಡುತ್ತದೆ. ಬಿಸಿನೀರು, ಕ್ಷಾರ, ತಿಕ್ಕಾಟ ಮೂರೂ ಕೂಡಿದರೆ ನಾರಿನ ಮೇಲಿನ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಒಮ್ಮೆ ಹಾಗಾದ ಮೇಲೆ ಮತ್ತೆ ಮೊದಲಿನಂತೆ ಮಾಡುವ ದಾರಿಯಿಲ್ಲ. ಅದಕ್ಕೇ ವೃತ್ತಿಪರರು ಉಣ್ಣೆಗೆ ಬಳಸುವ ದ್ರಾವಣವನ್ನು ಆಮ್ಲ–ಕ್ಷಾರದ (ಪಿಎಚ್) ಮಾಪಕದಲ್ಲಿ ಸುಮಾರು 4.5ರಿಂದ 8.5ರೊಳಗೆ ಇಡುತ್ತಾರೆ. ಸಾಮಾನ್ಯ ಬಟ್ಟೆಪುಡಿಯ ನೀರು 10ರ ಆಸುಪಾಸಿನಲ್ಲಿರುತ್ತದೆ. ಅಂಟವಾಳದ ನೊರೆ ತುಸು ಆಮ್ಲದ ಕಡೆಗಿದೆ. ನಮ್ಮ ಹಿರಿಯರು ಉಣ್ಣೆಗೂ ರೇಷ್ಮೆಗೂ ಅದನ್ನೇ ಹಿಡಿದದ್ದು ರಸಾಯನಶಾಸ್ತ್ರಕ್ಕೆ ಪೂರ್ತಿ ಒಪ್ಪುವ ಆಯ್ಕೆ.

ಮುಂಡಗೋಡ, ಬೈಲಕುಪ್ಪೆಗಳ ಟಿಬೆಟಿಯನ್ ಗಲೀಚೆಯಲ್ಲಿ ಹಾಸಿನ ನೂಲಿಗೆ ಅಡ್ಡಲಾಗಿ ಒಂದು ಸಲಾಕೆ ಇಟ್ಟು, ಉಣ್ಣೆಯ ನೂಲನ್ನು ಹಾಸಿನ ಎಳೆಗೂ ಸಲಾಕೆಗೂ ಸುತ್ತುತ್ತ ಹೋಗುತ್ತಾರೆ. ಸಾಲು ಮುಗಿದ ಮೇಲೆ ಸಲಾಕೆಯ ಮೇಲಿನ ಸುತ್ತುಗಳನ್ನು ಕೊಯ್ದಾಗ ಜುಂಗು ಎದ್ದು ನಿಲ್ಲುತ್ತದೆ. ಇಲ್ಲಿ ಧೂಳಿಗೆ ಆಳ ಸಿಗುತ್ತದೆ. ಬುಡದಲ್ಲಿ ಕೂತ ಮರಳುಕಣ ಪ್ರತಿ ಹೆಜ್ಜೆಗೂ ಉಣ್ಣೆಯನ್ನು ಕೊಯ್ಯುತ್ತದೆ. ಮೇಲೆ ಎಷ್ಟು ಚೊಕ್ಕಟ ಕಂಡರೂ ಇದನ್ನು ಆಗಾಗ ಮಗುಚಿ ಬೆನ್ನಿನಿಂದ ಬಡಿದು ಧೂಳು ಕೆಡವಲೇಬೇಕು. ನುಸಿಪತಂಗದ ಮರಿಗಳು ಕತ್ತಲಲ್ಲಿ, ಅಲುಗಾಡದ ಉಣ್ಣೆಯಲ್ಲಿ ಬೆಳೆಯುತ್ತವೆ. ಮಂಚದ ಕೆಳಗೆ ವರ್ಷಗಟ್ಟಲೆ ಸುತ್ತಿಟ್ಟ ಗಲೀಚೆಯನ್ನು ಅವು ಮೊದಲು ಹುಡುಕುತ್ತವೆ. ಬೇವಿನ ಎಲೆ ಇಡುವುದು ಒಳ್ಳೆಯದೇ, ಆದರೆ ಬಿಚ್ಚಿ ಝಾಡಿಸಿ ಬಿಸಿಲು ಕಾಣಿಸುವುದಕ್ಕೆ ಅದು ಬದಲಿಯಲ್ಲ.

ಸೆಣಬು, ತೆಂಗಿನ ನಾರು, ವಿಸ್ಕೋಸ್

ಸೆಣಬಿನ ತಟ್ಟು ನೀರಿಗೆ ಬಿದ್ದರೆ ಕಂದು ಬಣ್ಣ ಬಿಡುತ್ತದೆ, ಬಲ ಕಳೆದುಕೊಳ್ಳುತ್ತದೆ; ಒಣಗಿಸಿ ಕೊಡವುವುದೇ ಅದರ ಶುಚಿ. ಬಾಗಿಲ ತೆಂಗಿನ ನಾರಿನ ಹಾಸಿಗೂ ಅಷ್ಟೇ ಸಾಕು. ವಿಸ್ಕೋಸ್ ಬಗ್ಗೆ ಮಾತ್ರ ಎಚ್ಚರ ಬೇಕು. ಮರದ ತಿರುಳಿನಿಂದ ಮಾಡುವ ಈ ನಾರು ಹಾವೇರಿ ಜಿಲ್ಲೆಯ ಕುಮಾರಪಟ್ಟಣದ ಕಾರ್ಖಾನೆಯಲ್ಲೇ ತಯಾರಾಗುತ್ತದೆ, ಉಡುಪಿಗೆ ಚೆನ್ನ. ಆದರೆ ‘ರೇಷ್ಮೆ ಗಲೀಚೆ’ ಎಂದು ಹೇಳಿ ಮಾರುವ ಹೊಳೆಯುವ ಜುಂಗಿನ ಹಾಸುಗಳಲ್ಲಿ ಅನೇಕವು ವಿಸ್ಕೋಸಿನವು. ಒದ್ದೆಯಾದರೆ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಜುಂಗು ಮಲಗುತ್ತದೆ, ಒಣಗಿದಾಗ ಹಳದಿ ಕಲೆ ಮೂಡುತ್ತದೆ. ಒಂದು ಲೋಟ ನೀರು ಚೆಲ್ಲಿದರೂ ಗುರುತು ಉಳಿಯುವ ವಸ್ತುವನ್ನು ಮಕ್ಕಳಿರುವ ಮನೆಯಲ್ಲಿ ನೆಲಕ್ಕೆ ಹಾಸಬಾರದು.

ಕೃತಕ ನಾರುಗಳು

ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೋಥರ್ಸ್ 1935ರಲ್ಲಿ ನೈಲಾನ್ ಕಂಡುಹಿಡಿದ ಮೇಲೆ ನೆಲಹಾಸಿನ ಲೋಕ ಬದಲಾಯಿತು. ನೈಲಾನ್ ತುಳಿತಕ್ಕೆ ಎಲ್ಲಕ್ಕಿಂತ ಗಟ್ಟಿ. ಮಲಗಿದ ಜುಂಗು ಮತ್ತೆ ಏಳುತ್ತದೆ. ಹುಬ್ಬಳ್ಳಿಯ ಹೋಟೆಲು, ಕಚೇರಿಗಳಿಗೆ ಅದು ಹೊಂದುತ್ತದೆ. ಆದರೆ ಬಣ್ಣವನ್ನು ಸುಲಭವಾಗಿ ಹಿಡಿಯುವ ನಾರು ಕಲೆಯನ್ನೂ ಅಷ್ಟೇ ಸುಲಭವಾಗಿ ಹಿಡಿಯುತ್ತದೆ. ಪಾಲಿಯೆಸ್ಟರ್ ನೀರನ್ನು ದೂರ ಇಡುತ್ತದೆ, ಎಣ್ಣೆಯನ್ನು ಅಪ್ಪಿಕೊಳ್ಳುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಅದು ಬೇಗ ಕಪ್ಪಾಗುವುದು ಇದೇ ಕಾರಣಕ್ಕೆ. ಮದುವೆ ಮಂಟಪದಲ್ಲಿ ಹಾಸುವ ಕೆಂಪು, ಹಸಿರು ತೆಳು ಹಾಸುಗಳು ನೇಯ್ದವಲ್ಲ. ನಾರನ್ನು ಸೂಜಿಗಳಿಂದ ಚುಚ್ಚಿ ಒತ್ತಿದವು. ಅವನ್ನು ಹೆಚ್ಚು ತಿಕ್ಕಿದರೆ ಎಳೆ ಎದ್ದು ಹರಿಯುತ್ತದೆ.

ಪಾಲಿಪ್ರೊಪಿಲೀನ್ ಇಂದು ಹಳ್ಳಿಯ ನೆಲವನ್ನು ಆಳುತ್ತಿರುವ ನಾರು. ಬಣ್ಣದ ಪ್ಲಾಸ್ಟಿಕ್ ಚಾಪೆ, ಅಗ್ಗದ ಯಂತ್ರನೇಯ್ಗೆಯ ಗಲೀಚೆ ಎರಡಕ್ಕೂ ಅದೇ ಮೂಲ. ನೀರು ಹೀರುವುದೇ ಇಲ್ಲ. ನೂಲು ಎಳೆಯುವ ಮುಂಚೆಯೇ ಬಣ್ಣ ಕರಗಿಸಿ ಬೆರೆಸುವುದರಿಂದ ಬಣ್ಣ ಬಿಡುವುದಿಲ್ಲ. ಸುಮಾರು 165 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಭಾರದ ಕಪಾಟನ್ನು ಅದರ ಮೇಲೆ ಎಳೆದರೆ ಉಜ್ಜಾಟದ ಬಿಸಿಗೇ ನಾರು ಕರಗಿ ಹೊಳೆಯುವ ಗೆರೆ ಬೀಳುತ್ತದೆ. ಬಿಸಿಲಲ್ಲಿ ಹಲವು ಬೇಸಿಗೆ ಕಳೆದರೆ ಪುಡಿಪುಡಿಯಾಗುತ್ತದೆ. ತೊಳೆಯಲು ಹಗುರವೆಂಬ ಮಾತು ನಿಜ, ಬಾಳಿಕೆ ಬರುತ್ತದೆಂಬ ಮಾತು ನಿಜವಲ್ಲ.

ನಾರನ್ನು ಗುರುತಿಸುವುದು

ಅಂಚಿನಿಂದ ಒಂದು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು, ಕಡ್ಡಿ ಗೀರಿದರೆ ಉತ್ತರ ಸಿಗುತ್ತದೆ. ಹತ್ತಿ ಭರ್ರನೆ ಉರಿದು ಕಾಗದದ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತದೆ. ಸೆಣಬೂ ವಿಸ್ಕೋಸೂ ಹೀಗೇ. ಉಣ್ಣೆ ಸುರುಟಿಕೊಂಡು, ಕೂದಲು ಸುಟ್ಟ ವಾಸನೆ ಬಿಟ್ಟು, ಬೆಂಕಿ ತೆಗೆದ ಕೂಡಲೇ ಆರುತ್ತದೆ. ಉಳಿದ ಕರಿಯನ್ನು ಬೆರಳಲ್ಲಿ ಪುಡಿ ಮಾಡಬಹುದು. ನೈಲಾನ್, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತವೆ. ಪಾಲಿಪ್ರೊಪಿಲೀನ್ ಕರಗುವಾಗ ಮೇಣದ ವಾಸನೆ ಬರುತ್ತದೆ. ಅದನ್ನು ಬೆಂಕಿಯಿಲ್ಲದೆಯೂ ಹಿಡಿಯಬಹುದು, ಏಕೆಂದರೆ ನೀರಿಗಿಂತ ಹಗುರವಾದ ಈ ಎಳೆ ಬಟ್ಟಲಲ್ಲಿ ತೇಲುತ್ತದೆ. ಈ ಪರೀಕ್ಷೆಯನ್ನು ಅಂಗಳದಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು, ಒಂದೇ ಎಳೆಗೆ ಮಾಡಬೇಕು. ಹಾಸೂ ಹೊಕ್ಕೂ ಬೇರೆ ಬೇರೆ ನಾರಿನವಾಗಿರಬಹುದು, ಎರಡನ್ನೂ ನೋಡಬೇಕು.

ಈ ಸೀಮೆಯ ಕೊಳೆ

ನೆಲಹಾಸಿನಲ್ಲಿರುವ ಕೊಳೆಯ ಬಹುಪಾಲು ಒಣ ಧೂಳು. ನೀರು ಮುಟ್ಟುವ ಮುಂಚೆ ಅದನ್ನು ತೆಗೆಯದಿದ್ದರೆ ತೊಳೆಯುವುದೆಂದರೆ ಕೆಸರು ಕಲಸುವುದೇ ಆಗುತ್ತದೆ. ನವಲಗುಂದದ ಎರೆಮಣ್ಣಿನ ಕಣ ಬಹಳ ನುಣುಪು, ನೀರು ಕುಡಿದು ಉಬ್ಬುವ ಜಾತಿಯದು. ಹಸಿಯಾಗಿದ್ದಾಗ ಒರೆಸಿದರೆ ನಾರಿನೊಳಕ್ಕೆ ಇನ್ನೂ ಆಳಕ್ಕೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಬಿರಿದು ಹೆಕ್ಕಳೆಯಾಗಿ ಏಳುತ್ತದೆ. ಆಮೇಲೆ ಬ್ರಷ್ಷು. ‘ಒಣಗಲಿ ಬಿಡವಾ, ಆಮ್ಯಾಲ ಝಾಡಿಸೋಣು’ ಎಂದು ಮನೆಯ ಹಿರಿಯರು ಹೇಳುವುದು ಅನುಭವದ ಮಾತು. ಕಲಘಟಗಿ ಕಡೆಯ ಕೆಂಪು ಮಣ್ಣಿನ ತೊಂದರೆ ಬೇರೆ. ಅದರ ಬಣ್ಣ ಕಬ್ಬಿಣದ ಆಕ್ಸೈಡಿನದು. ಮಣ್ಣು ಉದುರಿದರೂ ಬಣ್ಣ ಉಳಿಯುತ್ತದೆ. ಬಿಳಿ ಹತ್ತಿಯಿಂದ ಅದನ್ನು ಬಿಡಿಸಲು ವೃತ್ತಿಪರರು ತೆಳುವಾದ ಆಕ್ಸಾಲಿಕ್ ಆಮ್ಲ ಬಳಸುತ್ತಾರೆ. ಅದು ವಿಷ, ಕೈಗವಸು ಬೇಕು, ಮನೆಯಲ್ಲಿ ಇಡಬಾರದು. ಬ್ಲೀಚಿಗೆ ಕಬ್ಬಿಣದ ಕಲೆ ಹೋಗುವುದಿಲ್ಲ, ಕೆಲವೊಮ್ಮೆ ಇನ್ನೂ ಗಟ್ಟಿಯಾಗುತ್ತದೆ.

ಅರಿಶಿನದ ಕಲೆ ನಮ್ಮ ಮನೆಗಳ ದೊಡ್ಡ ಸಮಸ್ಯೆ. ಮದುವೆ, ಸೀಮಂತ, ಪೂಜೆ ಯಾವುದಾದರೂ ಜಮಖಾನೆಯ ಮೇಲೆಯೇ ನಡೆಯುತ್ತದೆ. ಕಲೆಗೆ ಬಾರ್ ಸೋಪು ತಿಕ್ಕಿದ ಕೂಡಲೇ ಹಳದಿ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆತರೆ ಕುಂಕುಮವಾಗುವ ಕ್ರಿಯೆಯೇ ಇದು. ಗಾಬರಿ ಬೇಡ. ನಿಂಬೆರಸದ ನೀರು ಹನಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಅರಿಶಿನದ ಬಣ್ಣಕ್ಕೆ ನಿಜವಾದ ವೈರಿ ಬಿಸಿಲು: ಕಲೆಯ ಭಾಗವನ್ನು ಒದ್ದೆ ಮಾಡಿ ಬಿಸಿಲಿಗೆ ತೋರಿಸಿದರೆ ಹತ್ತಿಯಲ್ಲಿ ತಾನಾಗಿ ಮಾಸುತ್ತದೆ. ಇಷ್ಟು ಅಗ್ಗದ ಔಷಧ ಇನ್ನೊಂದಿಲ್ಲ.

ದೀಪದ ಎಣ್ಣೆ ಬಿದ್ದರೆ ಕಡಲೆಹಿಟ್ಟು ಅಥವಾ ಸೀಮೆಸುಣ್ಣದ ಪುಡಿ ಉದುರಿಸಿ, ಹೀರಿದ ಮೇಲೆ ಕೊಡವಿ, ಆಮೇಲೆ ಸೋಪು. ಚಹಾ, ಎಲೆ–ಅಡಿಕೆಯ ಕಲೆಗೆ ಮೊದಲು ತಣ್ಣೀರು, ತುಸು ಹುಳಿ, ಸೋಪು ಕೊನೆಗೆ. ಕಲೆಯನ್ನು ಹೊರಗಿನಿಂದ ಒಳಕ್ಕೆ, ಒತ್ತಿ ಹೀರಿಸಿ ತೆಗೆಯಬೇಕು, ತಿಕ್ಕಬಾರದು.

ವೃತ್ತಿಪರ ವಿಧಾನಗಳು

ಯಂತ್ರದಿಂದ ನೆಲಹಾಸು ಗುಡಿಸುವ ಕೆಲಸ 1876ರಲ್ಲಿ ಅಮೆರಿಕದ ಮೆಲ್ವಿಲ್ ಬಿಸ್ಸೆಲ್ ಪೇಟೆಂಟ್ ಪಡೆದ ಕೈಗಾಡಿಯಿಂದ ಬೆಳೆಯಿತು. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಧೂಳು ಹೀರುವ ಎಂಜಿನ್ನನ್ನು ಕುದುರೆಗಾಡಿಯ ಮೇಲೆ ಮನೆಮನೆಗೆ ಒಯ್ದ. ಇಂದು ಹುಬ್ಬಳ್ಳಿ–ಧಾರವಾಡದ ಶುಚಿತ್ವ ಸೇವೆಗಳು ಬಳಸುವ ವಿಧಾನಗಳು ಮುಖ್ಯವಾಗಿ ಐದು. ಬಿಸಿನೀರನ್ನು ಒತ್ತಡದಲ್ಲಿ ಚಿಮ್ಮಿಸಿ ಅದೇ ಕ್ಷಣ ಹೀರಿ ತೆಗೆಯುವುದು ಆಳದ ಕೊಳೆಗೆ ಒಳ್ಳೆಯದು. ನೈಲಾನ್, ಪಾಲಿಯೆಸ್ಟರ್‌ಗೆ ಹೊಂದುತ್ತದೆ. ತಿರುಗುವ ಬ್ರಷ್ಷಿನ ಶಾಂಪೂ ಹಳೆಯ ಪದ್ಧತಿ. ನೊರೆಯನ್ನು ಪೂರ್ತಿ ತೆಗೆಯದಿದ್ದರೆ ಉಳಿದ ಅಂಟು ಹೊಸ ಧೂಳನ್ನು ಎಳೆಯುತ್ತದೆ, ವಾರದಲ್ಲೇ ಮತ್ತೆ ಮಾಸುತ್ತದೆ. ತಿರುಗುವ ಬಟ್ಟೆಪ್ಯಾಡಿನ ವಿಧಾನ ಮೇಲ್ಮೈಯನ್ನಷ್ಟೇ ಒರೆಸುತ್ತದೆ. ಕೊಳೆಯನ್ನು ಸುತ್ತುವರಿದು ಹರಳಾಗಿ ಒಣಗುವ ಪಾಲಿಮರ್ ದ್ರಾವಣವನ್ನು ಹಚ್ಚಿ ಮರುದಿನ ಹೀರುಯಂತ್ರ ಆಡಿಸುವುದು ಕಚೇರಿಗಳಿಗೆ ಅನುಕೂಲ. ಹೀರುಗುಣದ ಪುಡಿಯನ್ನು ಉದುರಿಸಿ ಉಜ್ಜಿ ತೆಗೆಯುವುದು ನೀರು ತಾಳದ ಹಾಸುಗಳಿಗೆ.

ನವಲಗುಂದದ ಜಮಖಾನೆಗೆ ಇವುಗಳಲ್ಲಿ ಯಾವುದೂ ಬೇಡ. ಅದನ್ನು ಒಗೆಯಬೇಕು, ಹಾಗೆ ಒಗೆಯಲೆಂದೇ ಅದು ನೇಯ್ದದ್ದು. ಮಹಾನವಮಿಯ ಮುಂಚೆ ಮನೆಯ ಕೌದಿ, ಕಂಬಳಿ, ಜಮಖಾನೆಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುವ ನಮ್ಮ ಪದ್ಧತಿಗೆ ಇಲ್ಲಿ ಅರ್ಥವಿದೆ: ಮಳೆ ಹಿಂದೆ ಸರಿಯುವ ಹೊತ್ತು, ಹರಿಯುವ ನೀರು, ಬಿಸಿಲು. ಮೊದಲು ಎರಡೂ ಕಡೆ ಬಡಿದು ಧೂಳು ತೆಗೆಯಬೇಕು. ಬಳಿಕ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಪ್ರತಿ ಬಣ್ಣದ ಮೇಲೂ ಒತ್ತಿ ನೋಡಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ನೆನೆಹಾಕಬಾರದು. ತಣ್ಣೀರಲ್ಲಿ ಬೇಗ ಮುಗಿಸಬೇಕು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆಯನ್ನು ನೆಚ್ಚಬಾರದು. ಕಚ್ಚಾ ಬಣ್ಣವನ್ನು ಉಪ್ಪು ಪಕ್ಕಾ ಮಾಡುವುದಿಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ಬಾರ್ ಸೋಪು ಬೂದು ಪೊರೆ ಬಿಡುತ್ತದೆ. ಅಲ್ಲಿ ಡಿಟರ್ಜೆಂಟೇ ಲೇಸು, ಅಥವಾ ಮಳೆನೀರು. ಹಿಂಡಿ ತಿರುಚಬಾರದು. ಸುತ್ತಿ ಅದುಮಿ ನೀರು ಇಳಿಸಿ, ಚಪ್ಪಟೆಯಾಗಿ ಹಾಸಿ, ಮಗುಚಿ ಮಗುಚಿ ಒಣಗಿಸಬೇಕು. ಒಂದೇ ಹಗ್ಗದ ಮೇಲೆ ನಡುವಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಆಕಾರ ಸೊಟ್ಟಗಾಗುತ್ತದೆ. ಬೆಳಿಗ್ಗೆ ಒಗೆದದ್ದು ಸಂಜೆಯೊಳಗೆ ಒಣಗಬೇಕು. ದುಮ್ಮವಾಡದ ಕಡೆ ಜುಲೈ, ಆಗಸ್ಟಿನಲ್ಲಿ ಅದು ಆಗದ ಮಾತು. ಆ ತಿಂಗಳುಗಳಲ್ಲಿ ದಪ್ಪ ಹಾಸನ್ನು ಒಗೆಯುವುದೇ ಬೇಡ.

ಪ್ರವಾಹದ ನೀರು ಕುಡಿದ ಹಾಸಿನ ಲೆಕ್ಕ ಬೇರೆ. ನವಲಗುಂದ ಕಡೆಯ ಬೆಣ್ಣಿಹಳ್ಳ ಉಕ್ಕಿ ಮನೆಗೆ ನುಗ್ಗಿದ ನೀರು ಬರೀ ಕೆಸರುನೀರಲ್ಲ. ಅದರಲ್ಲಿ ಕಕ್ಕಸಿನದೂ ದನದ ಕೊಟ್ಟಿಗೆಯದೂ ಸೇರಿರುತ್ತದೆ. ಅಂಥ ನೀರು ಕುಡಿದ ಸ್ಪಂಜಿನ ಬೆನ್ನಿನ ಗಲೀಚೆಯನ್ನು ಉಳಿಸಲು ಹೋಗಬಾರದು, ಎಸೆಯಬೇಕು. ಹತ್ತಿ ಜಮಖಾನೆಯನ್ನು ಬಿಸಿನೀರು, ಡಿಟರ್ಜೆಂಟಿನಲ್ಲಿ ಒಗೆದು ಉರಿಬಿಸಿಲಿಗೆ ಹಾಕಿ ಉಳಿಸಿಕೊಳ್ಳಬಹುದು. ಆಗ ತುಸು ಬಣ್ಣ ಹೋದರೂ ಚಿಂತೆಯಿಲ್ಲ.

ಶುಚಿತ್ವ ಸೇವೆಯವರಿಗೆ ಹಾಸನ್ನು ಒಪ್ಪಿಸುವಾಗ ನಾರು ಯಾವುದೆಂದು ಅವರಿಂದಲೇ ಹೇಳಿಸಿ ರಸೀದಿಯಲ್ಲಿ ಬರೆಸಿಕೊಳ್ಳಿ. ನಾರನ್ನು ಕೇಳದೆ ಯಂತ್ರ ಹೂಡುವವರಿಗೆ ಕೆಲಸ ಕೊಡಬೇಡಿ. ಜಮಖಾನೆ ಕೊಳ್ಳುವಾಗಲೂ ಹಾಗೆಯೇ: ನವಲಗುಂದದ್ದೆಂದು ಹೇಳಿ ಕೊಟ್ಟರೆ ಎರಡು ಮುಖವನ್ನೂ ನೋಡಿ, ಅಂಚಿನ ಒಂದು ಎಳೆಯನ್ನು ಸುಟ್ಟು ನೋಡಿ. ಕರಗಿ ಮಣಿಯಾದರೆ ಅದು ನವಲಗುಂದದ ಹೆಣ್ಣುಮಕ್ಕಳು ನೇಯ್ದ ಹತ್ತಿಯ ಜಮಖಾನೆಯಲ್ಲ.